ನಮ್ಮ ಹಿರಿಯರು ಬಂದ ದಾರಿ

ಕಳೆದ ಮಾರ್ಗಶಿರ ಮಾಸದಲ್ಲಿ ಒಂದು ದಿನ ನಮ್ಮ ಮನೆಗೆ ಅಮೆರಿಕದಿಂದ ಒಂದು ಪುಸ್ತಕವು ಟಪಾಲಿನಲ್ಲಿ ಬಂದಿತು. ಆಗ ನಾನು ಜಗಲಿಯ ಮೇಲೆ ಕುಳಿತು, ತಂದೆಯವರ ಶ್ರಾದ್ಧದ ತಿಥಿ ಯಾವ ವಾರಕ್ಕೆ ಬೀಳುವುದೆಂದು ಪಂಚಾಂಗದಲ್ಲಿ ನೋಡುತ್ತಿದ್ದೆ. ಪುಸ್ತಕವನ್ನು ಕಳುಹಿಸಿದವಳು ನನ್ನ ಮಗಳು. ಅವಳು ಆ ದೇಶದ ಅಯೋವಾ ಎಂಬ ಸಂಸ್ಥಾನದಲ್ಲಿ ನೆಲಸಿದ್ದಾಳೆ, ಅಲ್ಲಿಯವನನ್ನೇ ಕೈಹಿಡಿದಿದ್ದಾಳೆ. ಆ ಮದುವೆಯ ವಿಚಾರದಲ್ಲಿ ನಮ್ಮ ಮನೆಯಲ್ಲಿ ಆದ ಮಾತುಕತೆಗಳನ್ನು ಇಲ್ಲಿ ಬರೆಯುವುದು ಅನಾವಶ್ಯಕ. ಆಗಬೇಕಾದದ್ದು ಆಯಿತು, ಹುಡುಗನು ಸಾಧು, ಈಗ ಅವರಿಗೊಂದು ಹೆಣ್ಣು ಮಗುವಾಗಿ ವರ್ಷ ತುಂಬುತ್ತ ಬಂದಿದೆ.

ಪುಸ್ತಕವು ಅಳಿಯನ ಮನೆತನದ ಚರಿತ್ರೆ. ಅವನ ಸೋದರತ್ತೆಯೊಬ್ಬರು ಇಪ್ಪತ್ತು ವರ್ಷ ಶ್ರಮಪಟ್ಟು ಅದನ್ನು ಸಿದ್ಧಪಡಿಸಿದರಂತೆ. ಕೊನೆಯಲ್ಲಿ ಎರಡು ಪುಟಗಳ ಅಗಲಕ್ಕೆ ಒಂದು ವಂಶವೃಕ್ಷ. ಕೆಳಗೆ ನಮ್ಮ ಮೊಮ್ಮಗಳ ಹೆಸರು. ಎಡಗಡೆ ತಂದೆಯ ಕಡೆಯ ಕೊಂಬೆಗಳು ಒಂದರ ಮೇಲೊಂದು ತುಂಬಿ ಮೇಲೇರಿವೆ. ಬಲಗಡೆ ತಾಯಿಯ ಹೆಸರು, ಅದರ ಮೇಲೆ ನನ್ನ ಮತ್ತು ನನ್ನ ಹೆಂಡತಿಯ ಹೆಸರು, ಅಲ್ಲಿಂದ ಮುಂದಕ್ಕೆ ಪುಟವೆಲ್ಲ ಬರಿದು. ಒಳಗೆ ಒಂದು ಚೀಟಿ: “ಅಪ್ಪ, ನಮ್ಮ ಕಡೆಯದನ್ನು ನೀವೇ ತುಂಬಿಸಿ ಕೊಡಬೇಕು. ನಾವು ಎಲ್ಲಿಂದ ಬಂದವರು, ಮೊದಲು ಬಂದವರು ಯಾರು, ಯಾವ ವರ್ಷ ಬಂದರು, ಇಷ್ಟು ಸಾಕು.”

ಇಷ್ಟು ಸಾಕಂತೆ! ಮೂವತ್ತೆರಡು ವರ್ಷ ಮಕ್ಕಳಿಗೆ ಪ್ರಶ್ನೆಪತ್ರಿಕೆ ಕೊಟ್ಟವನಿಗೆ ಮಗಳು ಮೂರೇ ಪ್ರಶ್ನೆಗಳ ಪತ್ರಿಕೆಯನ್ನು ಕೊಟ್ಟಳು. ಮೂರರಲ್ಲಿ ಎರಡಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಮೊದಲು ಅವರ ಚರಿತ್ರೆಯನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಅಳಿಯನ ಮುತ್ತಜ್ಜನ ತಂದೆ ಡೆನ್ಮಾರ್ಕ್ ದೇಶದವನು. ಜಟ್‌ಲೆಂಡ್ ಎಂಬ ಸೀಮೆಯ ಒಬ್ಬ ಬಡ ಕೂಲಿಯವನ ಮಗ. 1864ರ ಯುದ್ಧದಲ್ಲಿ ಡೆನ್ಮಾರ್ಕ್ ಸೋತು ಷ್ಲೆಸ್ವಿಗ್, ಹೋಲ್‌ಷ್ಟೈನ್ ಎಂಬ ಪ್ರಾಂತಗಳನ್ನು ಕಳೆದುಕೊಂಡಿತು. ಉಳಿದ ನೆಲ ಸ್ವಲ್ಪ, ಉಣ್ಣುವ ಬಾಯಿ ಬಹಳ. 19ನೆಯ ಶತಮಾನದ ನಡುವಿನಿಂದ 20ನೆಯ ಶತಮಾನದ ಮೊದಲ ಭಾಗದವರೆಗೆ ಆ ಪುಟ್ಟ ದೇಶದಿಂದ ಸುಮಾರು 3 ಲಕ್ಷ ಜನ ಅಮೆರಿಕಕ್ಕೆ ಹೊರಟುಹೋದರು. ಈತನೂ 1880ರ ದಶಕದಲ್ಲಿ ಹಡಗು ಹತ್ತಿ, ಅಯೋವಾದ ಎಲ್ಕ್ ಹಾರ್ನ್ ಎಂಬ ಡೇನರ ಹಳ್ಳಿಯನ್ನು ಸೇರಿ, ಹತ್ತು ವರ್ಷ ಕಂಡವರ ಹೊಲದಲ್ಲಿ ದುಡಿದು, ಆಮೇಲೆ ಸ್ವಂತ ಭೂಮಿ ಮಾಡಿದನು. ಆ ಹಳ್ಳಿಯವರಿಗೆ ತಾಯ್ನಾಡಿನ ಮೇಲೆ ಎಷ್ಟು ಮಮತೆಯೆಂದರೆ, 1848ರಲ್ಲಿ ಡೆನ್ಮಾರ್ಕಿನಲ್ಲಿ ಕಟ್ಟಿದ್ದ ಒಂದು ಗಾಳಿಯಂತ್ರವನ್ನು 1976ರಲ್ಲಿ ಕಳಚಿ, ಸಮುದ್ರ ದಾಟಿಸಿ, ತಮ್ಮ ಊರಿನಲ್ಲಿ ಮತ್ತೆ ನಿಲ್ಲಿಸಿಕೊಂಡಿದ್ದಾರೆ.

ನನ್ನನ್ನು ಬೆರಗುಗೊಳಿಸಿದ್ದು ಆತನ ಸಾಹಸವಲ್ಲ, ಆತನ ಕಾಗದಪತ್ರಗಳು. ಡೆನ್ಮಾರ್ಕಿನಲ್ಲಿ 1814ರಿಂದ ಪ್ರತಿಯೊಂದು ಚರ್ಚಿನ ಜನನ ಮರಣದ ಪುಸ್ತಕವನ್ನೂ ಎರಡು ಪ್ರತಿ ಬರೆಯುತ್ತಿದ್ದರಂತೆ. ಒಂದು ಪಾದ್ರಿಯ ಬಳಿ, ಇನ್ನೊಂದು ಊರಿನ ಉಪಾಧ್ಯಾಯನಂಥ ಚರ್ಚಿನ ಸೇವಕನ ಬಳಿ. ಎರಡು ಪ್ರತಿಗಳೂ ಒಂದೇ ಸೂರಿನ ಕೆಳಗೆ ರಾತ್ರಿ ಕಳೆಯಕೂಡದೆಂದು ನಿಯಮ. ಒಂದು ಮನೆಗೆ ಬೆಂಕಿ ಬಿದ್ದರೂ ಹೆಸರುಗಳು ಉಳಿಯಬೇಕು! 1869ರಿಂದ ದೇಶ ಬಿಟ್ಟುಹೋಗುವವರ ಹೆಸರುಗಳನ್ನು ಕೋಪನ್‌ಹೇಗನ್ನಿನ ಪೊಲೀಸರು ಬರೆದಿಡುತ್ತಿದ್ದರು. ನ್ಯೂಯಾರ್ಕಿನಲ್ಲಿ ಇಳಿದರೆ, 1892ರಲ್ಲಿ ಎಲಿಸ್ ದ್ವೀಪದ ಕಛೇರಿ ತೆರೆಯುವುದಕ್ಕೆ ಮೊದಲು, ಕ್ಯಾಸಲ್ ಗಾರ್ಡನ್ ಎಂಬಲ್ಲಿ ಹೆಸರು ಕೇಳುವವರಿದ್ದರು. ಕೂಲಿಯವನ ಮಗನಾದರೇನು, ಅವನು ಹುಟ್ಟಿದ ದಿನ, ಹೊರಟ ದಿನ, ಇಳಿದ ದಿನ, ಎಲ್ಲವೂ ಸಿಕ್ಕುತ್ತವೆ. ಆ ಸೋದರತ್ತೆಗೆ ಒದಗಿದ ತೊಡಕು ಒಂದೇ: ಹಳೆಯ ಡೇನರಿಗೆ ಮನೆತನದ ಹೆಸರೆಂಬುದಿರಲಿಲ್ಲ. ಪೇಡರನ ಮಗ ಯೆನ್ಸನಾದರೆ ಅವನು ಯೆನ್ಸ್ ಪೇಡರ್ಸನ್. ಅವನು ತನ್ನ ಹಿರಿಯ ಮಗನಿಗೆ ತಂದೆಯ ಹೆಸರನ್ನಿಟ್ಟರೆ ಆ ಮಗ ಪೇಡರ್ ಯೆನ್ಸನ್. ಹೀಗೆ ಎರಡೇ ಹೆಸರುಗಳು ನೂರಾರು ವರ್ಷ ಸರದಿಯಾಗಿ ಸುತ್ತುತ್ತವೆ.

ಇದನ್ನು ಓದಿ ನನಗೆ ನಗು ಬಂದಿತು. ಏಕೆಂದರೆ ನಮ್ಮ ಮನೆಯಲ್ಲಿಯೂ ಅದೇ ಕ್ರಮ. ಹಿರಿಯ ಮೊಮ್ಮಗನಿಗೆ ತಾತನ ಹೆಸರು. ನನ್ನ ಹೆಸರು ನನ್ನ ತಾತನದು. ನನ್ನ ತಂದೆಯವರ ಹೆಸರು ಅವರ ತಾತನದು. ಎರಡು ಹೆಸರುಗಳು ಏತದ ಬಾನೆಗಳಂತೆ ಒಂದು ಇಳಿದರೆ ಒಂದು ಏರುತ್ತವೆ. ಎಲ್ಲೋ ಉತ್ತರ ಸಮುದ್ರದ ದಡದ ರೈತನಿಗೂ ನಮಗೂ ಇಷ್ಟು ಸಾಮ್ಯವಿದ್ದೀತೆಂದು ನಾನು ಎಣಿಸಿರಲಿಲ್ಲ.

ಆದರೆ ಸಾಮ್ಯ ಅಲ್ಲಿಗೆ ಮುಗಿಯಿತು. ನಾನು ಲೇಖನಿ ಹಿಡಿದು ಬಲಗಡೆಯ ಪುಟವನ್ನು ತುಂಬಿಸಲು ಕುಳಿತೆ. ತಂದೆ, ತಾತ, ಮುತ್ತಾತ. ತಾಯಿ, ಅಜ್ಜಿ, ಮುತ್ತಜ್ಜಿ. ಈ ಆರು ಹೆಸರುಗಳು ಶ್ರಾದ್ಧದಲ್ಲಿ ಹೇಳಿ ಹೇಳಿ ನಾಲಗೆಯ ಮೇಲೇ ಇವೆ. ಅಲ್ಲಿಂದಾಚೆಗೆ? ಅಲ್ಲಿಂದಾಚೆಗೆ ಏನೂ ಇಲ್ಲ. ಇಲ್ಲವೇ ಇಲ್ಲವೆಂದಲ್ಲ, ಇನ್ನೊಂದು ತುದಿಯಲ್ಲಿ ಬೇಕಾದಷ್ಟಿದೆ. ಹಿರಿಯರಿಗೆ ನಮಸ್ಕರಿಸಿ ಪ್ರವರ ಹೇಳುವಾಗ ಆಂಗಿರಸ, ಬಾರ್ಹಸ್ಪತ್ಯ, ಭಾರದ್ವಾಜರೆಂಬ ಮೂವರು ಋಷಿಗಳನ್ನು ನಾನು ಎಂಟು ವರ್ಷದವನಾಗಿದ್ದಾಗಿನಿಂದ ನೆನೆಯುತ್ತಿದ್ದೇನೆ. ಸೃಷ್ಟಿಯ ಆದಿಗೆ ಸಮೀಪದ ಮೂವರ ಹೆಸರು ಗೊತ್ತು. ನನಗೆ ಸಮೀಪದ ಮೂವರ ಹೆಸರು ಗೊತ್ತು. ನಡುವೆ ನಡೆದು ಬಂದವನೊಬ್ಬನಿದ್ದಾನಲ್ಲ, ಹೆಂಡತಿ ಮಕ್ಕಳನ್ನು ಕರೆದುಕೊಂಡು, ದೇವರ ಪೆಟ್ಟಿಗೆಯನ್ನು ಹೊತ್ತು, ಊರು ಬಿಟ್ಟು ಊರಿಗೆ ಬಂದವನು, ಅವನ ಹೆಸರು ಮಾತ್ರ ಗೊತ್ತಿಲ್ಲ. ಮಗಳು ಕೇಳಿರುವುದು ಅವನ ಹೆಸರನ್ನೇ.

ಇದು ನಮ್ಮ ಅಲಕ್ಷ್ಯದಿಂದ ಮಾತ್ರ ಆದದ್ದಲ್ಲ. ಶಾಸ್ತ್ರವೇ ಹಾಗೆ ಏರ್ಪಟ್ಟಿದೆ. ತಂದೆಯವರು ತೀರಿಕೊಂಡ ಹನ್ನೆರಡನೆಯ ದಿನ ಸಪಿಂಡೀಕರಣವಾಯಿತು. ಪುರೋಹಿತರು ಅವರ ಪಿಂಡವನ್ನು ಮೂರು ಭಾಗ ಮಾಡಿಸಿ, ಅವರ ತಂದೆ, ತಾತ, ಮುತ್ತಾತ ಈ ಮೂವರ ಪಿಂಡಗಳೊಡನೆ ಸೇರಿಸಿದರು. ತಂದೆಯವರು ಪಿತೃಗಳ ಪಂಕ್ತಿಯಲ್ಲಿ ಕುಳಿತರು; ಅವರು ಕುಳಿತುದರಿಂದ ಹಿಂದಿನ ಒಬ್ಬರು ಎದ್ದು ಹೋದರು. ಹೀಗೆ ಒಂದೊಂದು ತಲೆಮಾರಿಗೆ ಒಂದೊಂದು ಹೆಸರು ಪಂಕ್ತಿಯಿಂದ ಜಾರುತ್ತದೆ. ಹಾಗೆ ಎದ್ದುಹೋದ ನಾಲ್ಕನೆಯವರು, ಐದನೆಯವರು, ಆರನೆಯವರು ‘ಲೇಪಭಾಗಿ’ಗಳೆಂದು ಶಾಸ್ತ್ರಕಾರರು ಹೇಳುತ್ತಾರೆ. ಅವರಿಗೆ ಪಿಂಡವಿಲ್ಲ; ಪಿಂಡವಿಟ್ಟ ಕೈಗೆ ಅಂಟಿಕೊಂಡ ಅನ್ನದ ಲೇಪವನ್ನು ದರ್ಭೆಗೆ ಒರೆಸುತ್ತೇವಲ್ಲ, ಅದು ಅವರ ಭಾಗ. ಆರನೆಯವರನ್ನು ದಾಟಿದರೆ ಅದೂ ಇಲ್ಲ. ಸಂಸ್ಕೃತ ಪಾಠಶಾಲೆಯಲ್ಲಿ ಓದುವಾಗ ಈ ಮಾತನ್ನು ಬಾಯಿಪಾಠ ಮಾಡಿದ್ದೆ. ಅದರ ಅರ್ಥ ತಿಳಿದದ್ದು ಈ ಪುಸ್ತಕ ಬಂದ ಮೇಲೆ.

ಅಟ್ಟದ ಮೇಲೆ ಒಂದು ಕಡತವಿತ್ತು. ಈಗಿನ ಮಕ್ಕಳಿಗೆ ಕಡತವೆಂದರೆ ಕಛೇರಿಯ ಕಾಗದದ ಕಟ್ಟು. ಹಳೆಯ ಕಡತ ಬೇರೆ. ಬಟ್ಟೆಗೆ ಹುಣಿಸೆಬೀಜದ ಸರಿ, ಇದ್ದಲ ಪುಡಿ ಬಳಿದು ಒಣಗಿಸಿ, ಮಡಿಸಿ, ಬಳಪದಲ್ಲಿ ಅದರ ಮೇಲೆ ಬರೆಯುತ್ತಿದ್ದರು. ಬೇಡವಾದರೆ ಅಳಿಸಿ, ಮತ್ತೆ ಕರಿ ಬಳಿದು, ಮತ್ತೆ ಬರೆಯುತ್ತಿದ್ದರು. ನಮ್ಮ ಕಡತದಲ್ಲಿ ಹಿಂದೆ ವಂಶಾವಳಿಯಿತ್ತೆಂದು ತಂದೆಯವರು ಹೇಳಿದ್ದುಂಟು. ನಾನು ಕೆಳಗಿಳಿಸಿ, ಧೂಳು ಕೊಡವಿ, ಬಿಸಿಲಿಗೆ ಹಿಡಿದು ನೋಡಿದೆ. ಅಡಕೆಯ ಲೆಕ್ಕ, ಗುತ್ತಿಗೆಯ ಭತ್ತದ ಲೆಕ್ಕ, ಯಾರಿಗೋ ಕೊಟ್ಟ ಕೈಸಾಲ. ತಾತನವರೋ ಅವರ ತಂದೆಯೋ ಹಳೆಯ ಬರಹದ ಮೇಲೆ ಕರಿ ಬಳಿದು ಲೆಕ್ಕ ಬರೆದುಬಿಟ್ಟಿದ್ದಾರೆ. ಅವರನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಭತ್ತ ಬರಬೇಕಾಗಿದ್ದುದು ಆ ವರ್ಷದ ಮಾತು. ಸತ್ತವರ ಹೆಸರನ್ನು ಓದುವವರು ಆಗ ಯಾರು?

ಇಲ್ಲಿಗೆ ನಮ್ಮ ಜನ ಯಾರೆಂಬುದನ್ನು ಹೇಳಬೇಕು. ನಾವು ಸಂಕೇತಿಗಳು. ಮೈಸೂರು ಸೀಮೆಯಲ್ಲಿ ನಮ್ಮವರ ಹಳೆಯ ನೆಲೆಗಳು ಕೆಲವೇ: ಹಾಸನದ ಸಮೀಪದ ಕೌಶಿಕ, ಪಿರಿಯಾಪಟ್ಟಣ ತಾಲ್ಲೂಕಿನ ಬೆಟ್ಟದಪುರ, ಲಿಂಗದಹಳ್ಳಿ, ತುಂಗೆಯ ದಡದ ಮತ್ತೂರು ಮತ್ತು ಹೊಸಹಳ್ಳಿ, ಕಾವೇರಿಯ ದಡದ ರುದ್ರಪಟ್ಟಣ. ಮತ್ತೂರಿನಲ್ಲಿ 1981ರಲ್ಲಿ ಸಂಸ್ಕೃತ ಸಂಭಾಷಣೆಯ ಶಿಬಿರ ನಡೆದು, ಅದು ಸಂಸ್ಕೃತದ ಊರೆಂದು ಹೆಸರಾಯಿತು. ರುದ್ರಪಟ್ಟಣದಲ್ಲಿ ಮನೆಮನೆಗೂ ಸಂಗೀತ, ವಿದ್ವಾನ್ ಆರ್. ಕೆ. ಶ್ರೀಕಂಠನ್ (1920–2014) ಅವರು ಅಲ್ಲಿ ಹುಟ್ಟಿದವರು. ಊರು ಯಾವುದಾದರೂ, ಮೂಲ ಕೇಳಿದರೆ ಹೇಳುವುದು ಒಂದೇ: ಶೆಂಗೋಟೆ. ಸಹ್ಯಾದ್ರಿಯ ದಕ್ಷಿಣದ ಕೊನೆಯಲ್ಲಿ, ಕುಟ್ರಾಲದ ಜಲಪಾತಗಳ ಹತ್ತಿರ, ಮಲೆಯ ಬುಡದಲ್ಲಿರುವ ಊರು ಅದು. 1956ರಲ್ಲಿ ರಾಜ್ಯಗಳನ್ನು ವಿಂಗಡಿಸುವವರೆಗೂ ಅದು ತಿರುವಾಂಕೂರಿಗೆ ಸೇರಿತ್ತು. ಆಮೇಲೆ ತಮಿಳುನಾಡಿಗೆ ಬಂದಿತು. ತಮಿಳೂ ಮಲೆಯಾಳವೂ ಬೆರೆಯುವ ಎಡೆ. ನಮ್ಮ ಮನೆಮಾತಿನಲ್ಲಿ ಇವೆರಡರ ಛಾಯೆಯೂ ಇದ್ದು, ಮೇಲೆ ಕನ್ನಡದ ಬಣ್ಣ ದಟ್ಟವಾಗಿ ಬಳಿದಿರುವುದಕ್ಕೆ ಇದೇ ಕಾರಣ.

ಏತಕ್ಕೆ ಬಂದರು? ನಮ್ಮಲ್ಲಿ ಒಂದು ಕಥೆಯಿದೆ. ಹೇಳುವವರ ಬಾಯಲ್ಲಿ ಅದು ಬೇರೆ ಬೇರೆಯಾಗುತ್ತದೆ. ಶೆಂಗೋಟೆಯಲ್ಲಿ ನಾಚಾರಮ್ಮ ಎಂಬ ಹೆಣ್ಣುಮಗಳಿದ್ದಳು. ಗಂಡಸರಿಗೆ ಹೇಳಿಕೊಡುತ್ತಿದ್ದ ಶಾಸ್ತ್ರಗಳನ್ನು ಅವಳೂ ಬಲ್ಲಳು. ಹೆಂಗಸು ಪಂಡಿತರ ಮುಂದೆ ತನ್ನ ವಿದ್ಯೆಯನ್ನು ತೋರಿದಳೆಂದು ಊರಿನವರಿಗೆ ಸಹಿಸಲಾಗಲಿಲ್ಲ, ಅವಳನ್ನು ಕಾಡಿದರು. ಅವಳು ನೊಂದು ಊರಿಗೆ ಶಾಪವಿತ್ತು ಹೊರಟಳು. ಅವಳಲ್ಲಿ ನಂಬಿಕೆಯಿದ್ದ ಕುಟುಂಬಗಳು ಅವಳ ಹಿಂದೆ ಹೊರಟವು. ಇದು ನಡೆದದ್ದು ಯಾವ ಕಾಲದಲ್ಲಿ ಎಂಬ ವಿಚಾರದಲ್ಲಿ ನಮ್ಮವರೊಳಗೆ ನೂರಿನ್ನೂರು ವರ್ಷಗಳ ಅಂತರದ ವಾದಗಳಿವೆ. ಆ ವಾದಕ್ಕೆ ನಾನು ಇಳಿಯುವುದಿಲ್ಲ. ನನಗೆ ಹೊಳೆದದ್ದು ಬೇರೊಂದು ವಿಷಯ. ಅಷ್ಟು ಕುಟುಂಬಗಳು ಬಂದುವಲ್ಲ, ಒಬ್ಬೊಬ್ಬ ಯಜಮಾನನೂ ಘನಪಾಠಿಯೋ ಸೋಮಯಾಜಿಯೋ ಆಗಿದ್ದಿರಬೇಕು. ಅವರಲ್ಲಿ ನಮ್ಮ ಮನೆಯವನ ಹೆಸರು ನಮ್ಮ ಮನೆಯಲ್ಲೇ ಉಳಿದಿಲ್ಲ. ಎಲ್ಲ ಸಂಕೇತಿ ಮನೆಗಳಲ್ಲಿಯೂ ಉಳಿದಿರುವ ಹೆಸರು, ಬಾಯಿ ಮುಚ್ಚಿಕೊಂಡಿರಲು ಒಪ್ಪದ ಆ ಒಬ್ಬ ಹೆಂಗಸಿನದು. ಗಂಡಸರು ಮಂತ್ರವನ್ನು ಜ್ಞಾಪಕದಲ್ಲಿಟ್ಟರು. ಹೆಂಗಸರು ದಾರಿಯನ್ನು ಜ್ಞಾಪಕದಲ್ಲಿಟ್ಟರು.

ಪುಷ್ಯ ಮಾಸದಲ್ಲಿ ನಾನು ಕೌಶಿಕಕ್ಕೆ ಹೋಗಿಬಂದೆ. ಮನೆ ಪಾಲಾದಾಗ ನನ್ನ ಮುತ್ತಾತನವರು ಅಲ್ಲಿಂದಲೇ ಆಲೂರಿನ ಕಡೆಗೆ ಬಂದು, ಎರಡು ಖಂಡುಗ ಗದ್ದೆ ಹಿಡಿದು, ನಾಲ್ಕು ಹುಡುಗರಿಗೆ ಪಾಠ ಹೇಳಿಕೊಂಡು ನಿಂತವರು. ಅಗ್ರಹಾರದ ಬೀದಿಯಲ್ಲಿ ಎರಡು ಮನೆಗಳಿಗೆ ಬೀಗ. ಒಂದು ಮನೆಯ ಜಗಲಿಯ ಮೇಲೆ ಕುಳಿತಿದ್ದ ವೃದ್ಧರೊಬ್ಬರು ನನ್ನ ಗೋತ್ರ ಕೇಳಿ, ತಾತನ ಹೆಸರು ಕೇಳಿ, “ನಿಮ್ಮ ಮನೆ ಅಲ್ಲಿತ್ತು” ಎಂದು ಬೀದಿಯ ಕೊನೆಯನ್ನು ತೋರಿಸಿದರು. ಅಲ್ಲಿ ಈಗ ಒಂದು ತೆಂಗಿನ ಮರ, ಒಂದು ದನದ ಕೊಟ್ಟಿಗೆ. ಆ ವೃದ್ಧರಿಗೂ ನಾಲ್ಕನೆಯ ತಲೆಯಿಂದಾಚೆಗೆ ತಿಳಿಯದು. ಕಾಶಿ ಗಯೆಗಳಿಗೆ ಹೋಗಿಬಂದವರ ಮನೆಗಳಾದರೆ ಅಲ್ಲಿಯ ಪಂಡರ ಪುಸ್ತಕಗಳಲ್ಲಿ ಹೆಸರು ಸಿಕ್ಕುವುದುಂಟು; ನಮ್ಮ ಮನೆಯಿಂದ ಗಯೆಗೆ ಹೋಗುವಷ್ಟು ಅನುಕೂಲ ಯಾರಿಗೂ ಇರಲಿಲ್ಲ.

ಬಸ್ಸಿನಲ್ಲಿ ಹಿಂದಿರುಗುವಾಗ ಕಿಟಕಿಯಿಂದ ನೋಡುತ್ತ ಬಂದೆ. ಹಾಸನದ ಬಯಲು ಕಳೆದು ಆಲೂರು ಸಮೀಪಿಸುತ್ತಿದ್ದಂತೆ ನೆಲ ಏಳುತ್ತದೆ, ಗಾಳಿ ತಣ್ಣಗಾಗುತ್ತದೆ. ಗದ್ದೆಯ ಅಂಚಿನಲ್ಲಿ ಕಾಫಿಯ ತೋಟ ತೊಡಗುತ್ತದೆ. ಆಲೂರು ಸಕಲೇಶಪುರಗಳ ಈ ಮಲೆಯಲ್ಲಿ ಎಲ್ಲಿಂದಲೋ ಬಂದವರೇ ಹೆಚ್ಚು. ಕಾಫಿಯೇ ಅರಬರ ದೇಶದಿಂದ ಬಂದದ್ದು. ಅದನ್ನು ಬೆಳೆಯಲು 19ನೆಯ ಶತಮಾನದಲ್ಲಿ ಬಿಳಿಯರು ಬಂದರು. ಅವರ ತೋಟಗಳಲ್ಲಿ ದುಡಿಯಲು ಘಟ್ಟದ ಕೆಳಗಿನ ತುಳುವರು, ಕೊಂಕಣಿಗರು, ತಮಿಳರು ಬಂದರು. 1979ರಲ್ಲಿ ಗೊರೂರಿನ ಹೇಮಾವತಿ ಅಣೆಕಟ್ಟು ಮುಗಿದಾಗ ನೀರಿನಲ್ಲಿ ಮುಳುಗಿದ ಹಳ್ಳಿಗಳವರು ಗಂಟುಮೂಟೆ ಕಟ್ಟಿ ಹೊಸ ಊರು ಹುಡುಕಿದರು. ಬಂದವರಲ್ಲಿ ಲಿಖಿತವಾಗಿ ಉಳಿದವನು ಯಾರು? ಮಂಜರಾಬಾದಿನಲ್ಲಿ ತೋಟ ಮಾಡಿದ ಸ್ಕಾಟ್ಲೆಂಡಿನ ರಾಬರ್ಟ್ ಎಲಿಯಟ್ ಎಂಬಾತನು 1871ರಲ್ಲಿ ಒಂದು, 1894ರಲ್ಲಿ ಒಂದು ಪುಸ್ತಕ ಬರೆದನು. ಅವನ ತೋಟ, ಬೇಟೆ, ಲಾಭನಷ್ಟ ಎಲ್ಲವನ್ನೂ ಈಗಲೂ ಓದಬಹುದು. ಅವನ ತೋಟಕ್ಕೆ ಶಿರಾಡಿಯ ಕಡೆಯಿಂದಲೋ ಬಿಸಿಲೆಯ ಕಡೆಯಿಂದಲೋ ಘಟ್ಟ ಹತ್ತಿ, ಮಗುವನ್ನು ಸೊಂಟಕ್ಕೆ ಕಟ್ಟಿಕೊಂಡು ಬಂದ ಹೆಣ್ಣಾಳಿನ ಹೆಸರನ್ನು ಅವಳ ಮರಿಮಕ್ಕಳೂ ಅರಿಯರು. ಕಾಗದವಿದ್ದವನಿಗೆ ಚರಿತ್ರೆ, ಇಲ್ಲದವನಿಗೆ ಮೊಮ್ಮಕ್ಕಳ ನಾಲಗೆಯೇ ಗತಿ.

ನಾಲಗೆಯ ಮಾತು ಬಂದುದರಿಂದ, ಈವರೆಗೆ ಯಾರಿಗೂ ಹೇಳದ ಒಂದು ಸಂಗತಿಯನ್ನು ಹೇಳಬೇಕಾಗಿದೆ.

ನನ್ನ ಮಗಳಿಗೆ ನಾಲ್ಕು ವರ್ಷವಾಗಿದ್ದಾಗ ನನ್ನ ತಾಯಿಯವರು ಇದ್ದರು. ಮಗು ಅಜ್ಜಿಯ ಸೆರಗನ್ನು ಹಿಡಿದುಕೊಂಡೇ ಬೆಳೆಯಿತು. ಅಜ್ಜಿಯ ಸಂಕೇತಿ ಮಾತನ್ನೇ ಆಡುತ್ತಿತ್ತು. ನಮ್ಮ ಮಾತಿನಲ್ಲಿ ‘ಬಾ’ ಎನ್ನುವುದಕ್ಕೆ ‘ವಾ’, ‘ಹೋಗು’ ಎನ್ನುವುದಕ್ಕೆ ‘ಪೋ’, ಹಾಲಿಗೆ ‘ಪಾಲು’. ಒಂದು ದಿನ ಮಗು ನೆರೆಮನೆಯಲ್ಲಿ ಪಾಲು ಕೇಳಿತು. ಅಲ್ಲಿಯ ಮಕ್ಕಳು ನಕ್ಕರು, ದೊಡ್ಡವರೊಬ್ಬರು, “ಮೇಷ್ಟರ ಮಗಳಿಗೆ ಕನ್ನಡ ಬರುವುದಿಲ್ಲವೆ?” ಎಂದರಂತೆ. ಕನ್ನಡ ಪಂಡಿತನಾದ ನನಗೆ ಆ ಮಾತು ಮುಳ್ಳಿನಂತೆ ನಟ್ಟಿತು. ಮನೆಗೆ ಬಂದವನೇ ತಾಯಿಯವರಿಗೆ, “ಇನ್ನು ಮುಂದೆ ಮಗುವಿನೊಡನೆ ಕನ್ನಡವನ್ನೇ ಆಡಬೇಕು. ಅದು ಮಡಕೆಯೂ ಅಲ್ಲದ ಕುಡಿಕೆಯೂ ಅಲ್ಲದ ಮಾತು, ಅದಕ್ಕೆ ಲಿಪಿಯಿಲ್ಲ, ಗ್ರಂಥವಿಲ್ಲ” ಎಂದೆ. ತಾಯಿಯವರು ಎದುರಾಡಲಿಲ್ಲ. ನನ್ನ ಮುಖವನ್ನು ಒಂದು ಕ್ಷಣ ನೋಡಿ, “ಆಗಲಪ್ಪ” ಎಂದರು, ಕನ್ನಡದಲ್ಲಿಯೇ.

ಅದೇ ವಾರ ನಾನು ತರಗತಿಯಲ್ಲಿ ಹಳಗನ್ನಡದ ಪಾಠ ಮಾಡುತ್ತಿದ್ದೆ. ‘ಪಾಲ್’ ಎಂಬುದೇ ಹಾಲಾಯಿತು, ‘ಪೋಗು’ ಎಂಬುದೇ ಹೋಗು ಆಯಿತು, ‘ಪುಲಿ’ ಎಂಬುದೇ ಹುಲಿಯಾಯಿತು. ಪಂಪನ ಕಾಲದಲ್ಲಿ ಹೀಗೆ ಆಡುತ್ತಿದ್ದರು, ಇದು ನಮ್ಮ ಭಾಷೆಯ ಪ್ರಾಚೀನ ಸಂಪತ್ತು ಎಂದು ಕರಿಹಲಗೆಯ ಮೇಲೆ ಬರೆದು ಹೆಮ್ಮೆಯಿಂದ ವಿವರಿಸಿದೆ. ಹಲಗೆಯ ಮೇಲೆ ಸಂಪತ್ತಾದದ್ದು ಅಡಿಗೆಮನೆಯಲ್ಲಿ ಅಪಮಾನವೆಂದು ಎಣಿಸಿದೆನಲ್ಲ, ಎರಡೂ ಒಂದೇ ತಾಯಿಬೇರಿನವೆಂಬುದು ನನಗೆ ಹೊಳೆಯಲಿಲ್ಲ. ವ್ಯಾಕರಣ ಓದಿದವನಿಗೆ ಹೊಳೆಯದಿದ್ದರೆ ಇನ್ನಾರಿಗೆ ಹೊಳೆಯಬೇಕು?

ನನ್ನ ಅಪ್ಪಣೆ ನಡೆಯಿತು. ಮಗು ಅಚ್ಚ ಕನ್ನಡ ಆಡಿತು. ಆದರೆ ತಾಯಿಯವರು ಮಗುವಿನೊಡನೆ ಆಡುವ ಮಾತೇ ಕಡಮೆಯಾಯಿತು. ಅವರಿಗೆ ಕನ್ನಡ ಬರುತ್ತಿರಲಿಲ್ಲವೆಂದಲ್ಲ, ಚೆನ್ನಾಗಿಯೇ ಬರುತ್ತಿತ್ತು. ಅದು ಅವರಿಗೆ ಬಂದವರೊಡನೆ ಹೋದವರೊಡನೆ ಆಡುವ ಮಾತು. ಮುದ್ದಿನ ಮಾತು, ಗದರಿಕೆಯ ಮಾತು, ರಾತ್ರಿ ದೀಪ ಸಣ್ಣದು ಮಾಡಿ ಹೇಳುವ ಕಥೆಯ ಮಾತು ಅದಾಗಿರಲಿಲ್ಲ. ನಾಚಾರಮ್ಮನ ಕಥೆಯನ್ನು ಅವರು ನನಗೆ ಹೇಳಿದ್ದರು, ನನ್ನ ಅಕ್ಕನಿಗೆ ಹೇಳಿದ್ದರು. ನನ್ನ ಮಗಳಿಗೆ ಹೇಳಲಿಲ್ಲ. ಐದು ವರ್ಷಗಳ ತರುವಾಯ ಅವರು ತೀರಿಕೊಂಡರು.

ಅಮೆರಿಕದಿಂದ ಬಂದ ಪುಸ್ತಕದಲ್ಲಿ ಒಂದು ಅಧ್ಯಾಯವಿದೆ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ, 1918ರ ಮೇ ತಿಂಗಳಲ್ಲಿ, ಅಯೋವಾದ ಗವರ್ನರ್ ಹಾರ್ಡಿಂಗ್ ಎಂಬಾತನು ಒಂದು ಘೋಷಣೆ ಹೊರಡಿಸಿದನು: ಶಾಲೆಯಲ್ಲಿ, ಚರ್ಚಿನಲ್ಲಿ, ಸಾರ್ವಜನಿಕ ಸ್ಥಳಗಳಲ್ಲಿ, ಕಡೆಗೆ ಟೆಲಿಫೋನಿನಲ್ಲಿ ಸಹ ಇಂಗ್ಲಿಷನ್ನು ಬಿಟ್ಟು ಬೇರೆ ಭಾಷೆ ಆಡಕೂಡದು. ಶತ್ರುಗಳೆಂದು ಜರ್ಮನರನ್ನು ಕುರಿತು ಹೊರಟ ಆಜ್ಞೆ ಡೇನರ ಮೇಲೆಯೂ ಬಿದ್ದಿತು. ಮೂವತ್ತು ವರ್ಷ ಡೇನಿಷ್ ಭಾಷೆಯಲ್ಲಿ ಪ್ರಾರ್ಥನೆ ಮಾಡಿದ್ದ ಆ ಮುದುಕ ಚರ್ಚಿನಲ್ಲಿ ಬಾಯಿ ಮುಚ್ಚಿಕೊಂಡು ಕುಳಿತುಕೊಂಡನಂತೆ. ಘೋಷಣೆ ಆ ವರ್ಷದ ಕೊನೆಗೆ ಹೋಯಿತು. ಹೋದ ಭಾಷೆ ಮಕ್ಕಳಿಗೆ ಮರಳಿ ಬರಲಿಲ್ಲ. ಇದನ್ನು ಓದುವಾಗ ಆ ಗವರ್ನರನ ಮೇಲೆ ನನಗೆ ಕೋಪ ಬಂದಿತು. ಪುಟ ಮಗುಚುವುದರೊಳಗೆ ಕೋಪ ಇಳಿಯಿತು. ಅಲ್ಲಿ ಅಪ್ಪಣೆ ಮಾಡಲು ಒಬ್ಬ ಗವರ್ನರ್ ಬೇಕಾಯಿತು, ಒಂದು ಮಹಾಯುದ್ಧ ಬೇಕಾಯಿತು. ನಮ್ಮ ಮನೆಯಲ್ಲಿ ನಾನೊಬ್ಬನೇ ಸಾಕಾದೆ. ತಾತನವರು ಕಡತಕ್ಕೆ ಕರಿ ಬಳಿದರು, ನಿಜ. ಅವರಿಗೆ ಭತ್ತದ ಲೆಕ್ಕವಾದರೂ ಇತ್ತು.

ನನ್ನ ಅಕ್ಕನಿಗೆ ಈಗ ಎಪ್ಪತ್ತಮೂರು ವರ್ಷ. ಗಂಡ ತೀರಿಕೊಂಡ ಮೇಲೆ ನಮ್ಮಲ್ಲಿಯೇ ಇದ್ದಾಳೆ. ನಾನು ಪುಸ್ತಕವನ್ನು ಇಟ್ಟುಕೊಂಡು ಯೋಚಿಸುತ್ತಿದ್ದಾಗ ಅವಳು ಕನ್ನಡಕ ಹಾಕಿಕೊಂಡು ಚಿತ್ರಗಳನ್ನು ತಿರುವಿಹಾಕುತ್ತಿದ್ದಳು. ಒಂದು ಕಡೆ ನಿಲ್ಲಿಸಿ, “ಏನೋ ಇದು! ನಮ್ಮ ಗುಳಿಯಪ್ಪದ ಕಾವಲಿ ಇವರ ಮನೆಗೆ ಹೇಗೆ ಹೋಯಿತೋ?” ಎಂದಳು. ನೋಡಿದರೆ ಹೌದು. ಕಬ್ಬಿಣದ ಕಾವಲಿ, ಏಳು ಗುಳಿಗಳು. ಡೇನರು ಅದರಲ್ಲಿ ಏಬ್ಲೆಸ್ಕೀವರ್ ಎಂಬ ಉಂಡೆಯಂಥ ಸಿಹಿತಿಂಡಿಯನ್ನು ಮಾಡುತ್ತಾರಂತೆ. ಹಿಟ್ಟು ಹೊಯ್ದು, ಕಡ್ಡಿಯಿಂದ ತಿರುವಿ, ನಮ್ಮ ಹಾಗೆಯೇ. ಆ ಮನೆತನದಲ್ಲಿ ಭಾಷೆ ಹೋಯಿತು, ಉಡುಪು ಹೋಯಿತು; ಕಾವಲಿ ಮಾತ್ರ ಸೊಸೆಯಿಂದ 
ಸೊಸೆಗೆ ಬಂದು ಈಗ ನನ್ನ ಮಗಳ ಒಲೆಯ ಮೇಲಿದೆ. “ಪಾಪ, ಅವರೂ ನಮ್ಮಂಥವರೇ” ಎಂದಳು ಅಕ್ಕ. ಮದುವೆಯಾದ ದಿನದಿಂದ ಅಳಿಯನ ವಿಚಾರದಲ್ಲಿ ಅವಳು ಆಡಿದ ಮೊದಲ ಒಳ್ಳೆಯ ಮಾತು ಇದು.

ಆ ರಾತ್ರಿ ನಾನು ಅಕ್ಕನನ್ನು ಕೂರಿಸಿಕೊಂಡು ಒಂದು ಹೊಸ ಪುಸ್ತಕದಲ್ಲಿ ಬರೆಯತೊಡಗಿದೆ. ಮೊದಲು ಅವಳು ನಾಚಿಕೊಂಡಳು: “ಇದನ್ನೆಲ್ಲ ಯಾರು ಓದುತ್ತಾರೋ?” ಬಳಿಕ ಕಟ್ಟೆ ಒಡೆದ ಹಾಗಾಯಿತು. ಅಡಿಗೆಯ ಪಾತ್ರೆಗಳ ಹೆಸರು, ನಂಟುತನದ ಹೆಸರು, ಮಗುವನ್ನು ಎತ್ತಿ ಆಡಿಸುವ ಮಾತು, ಮುನಿಸಿನ ಮಾತು, ತಾಯಿಯವರು ಆಡುತ್ತಿದ್ದ ಗಾದೆಗಳು. ಕನ್ನಡ ಲಿಪಿಯಲ್ಲಿ ಬರೆಯಲು ಬಾರದ ಕೆಲವು ಉಚ್ಚಾರಣೆಗಳು ಅದರಲ್ಲಿವೆ. ಅವನ್ನು ಬರೆಯಲು ಗುರುತುಗಳನ್ನು ನಾನೇ ಮಾಡಿಕೊಳ್ಳಬೇಕಾಯಿತು. ಇಷ್ಟು ಕಾಲ ಓದಿದ ಶಿಕ್ಷಾಶಾಸ್ತ್ರ ಈಗ ಉಪಯೋಗಕ್ಕೆ ಬಂದಿತು. ಪುಟ ತೊಂಬತ್ತನ್ನು ದಾಟಿದೆ, ಇನ್ನೂ ಮುಗಿದಿಲ್ಲ.

ತಂದೆಯವರ ಶ್ರಾದ್ಧ ಬಂದಿತು. ಪಿಂಡಪ್ರದಾನವಾದ ಮೇಲೆ, ಕೈಗೆ ಅಂಟಿದ್ದ ಅನ್ನವನ್ನು ದರ್ಭೆಗಳಿಗೆ ಒರೆಸುವಾಗ ನನ್ನ ಕೈ ಸ್ವಲ್ಪ ಹೊತ್ತು ಅಲ್ಲೇ ನಿಂತಿತು. ಹೆಸರು ತಿಳಿಯದ ಹಿರಿಯನಿಗೆ ಲೇಪ ಸಲ್ಲುತ್ತದೆಂದರೆ, ಅವನಿಂದ ನನಗೆ ಬಂದುದೂ ಲೇಪವೇ ಅಲ್ಲವೆ? ಅವನ ಮನೆಯಿಲ್ಲ, ಭೂಮಿಯಿಲ್ಲ, ಪತ್ರವಿಲ್ಲ. ಶೆಂಗೋಟೆಯಿಂದ ಇಲ್ಲಿಯವರೆಗೆ ನಾಲಗೆಗೆ ಅಂಟಿಕೊಂಡು ಬಂದ ಕೆಲವು ಮಾತುಗಳಿವೆ. ಪುರೋಹಿತರು, “ಮುಂದಕ್ಕೆ ಆಗಲಿ” ಎಂದರು. ಮುಂದಕ್ಕೆ ಮಾಡಿದೆ.

ಬರಿದಾಗಿದ್ದ ಪುಟವನ್ನು ಹೀಗೆ ತುಂಬಿಸಿ ಕಳುಹಿಸಿದ್ದೇನೆ. ಆರು ಹೆಸರುಗಳನ್ನು ಬರೆದು, ಅದರ ಮೇಲೆ ಹೀಗೆಂದು ಬರೆದೆ: “ಇವರಿಗಿಂತ ಹಿಂದಿನವರು ಶೆಂಗೋಟೆಯಿಂದ ಕೌಶಿಕಕ್ಕೆ, ಕೌಶಿಕದಿಂದ ಆಲೂರಿಗೆ ಬಂದರು. ಮೊದಲು ಹೊರಟವಳು ನಾಚಾರಮ್ಮ ಎಂಬ ವಿದ್ಯಾವತಿ. ಅವಳ ಹಿಂದೆ ನಡೆದ ನಮ್ಮ ಹಿರಿಯನ ಹೆಸರೂ ವರ್ಷವೂ ತಿಳಿಯದು. ಅವರು ಹಾಲನ್ನು ಪಾಲು ಎನ್ನುತ್ತಿದ್ದರು.” ಉತ್ತರಪತ್ರಿಕೆ ತಿದ್ದುವವನಾಗಿದ್ದರೆ ಇದಕ್ಕೆ ನಾನು ಎಷ್ಟು ಅಂಕ ಕೊಡುತ್ತಿದ್ದೆನೋ ಹೇಳಲಾರೆ.

ಆ ವಿಚಾರವನ್ನು ಮಗಳಿಗೆ ದೂರವಾಣಿಯಲ್ಲಿ ಹೇಳಿದೆ. ನೆರೆಮನೆಯ ಸಂಗತಿಯನ್ನೂ, ಅವಳ ಅಜ್ಜಿಗೆ ನಾನು ಮಾಡಿದ ಅಪ್ಪಣೆಯನ್ನೂ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ನನಗೆ ಜ್ಞಾಪಕವಿದೆ, ಅಪ್ಪ. ಅಜ್ಜಿ ಇದ್ದಕ್ಕಿದ್ದ ಹಾಗೆ ನನ್ನ ಮೇಲೆ ಮುನಿಸಿಕೊಂಡರು ಎಂದು ನಾನು ಎಷ್ಟೋ ದಿನ ಅಂದುಕೊಂಡಿದ್ದೆ” ಎಂದಳು. ಈ ಮಾತಿಗೆ ನಾನೇನು ಉತ್ತರ ಹೇಳಲಿ? ಹೇಳಲಿಲ್ಲ. ಅಕ್ಕನ ಕೈಗೆ ದೂರವಾಣಿಯನ್ನು ಕೊಟ್ಟೆ. ಈಗ ಪ್ರತಿ ಭಾನುವಾರವೂ ಅಕ್ಕನು ಮಗುವಿನೊಡನೆ ಸಂಕೇತಿಯಲ್ಲಿ ಮಾತನಾಡುತ್ತಾಳೆ. ಮಗು ತೆರೆಯ ಮೇಲೆ ಅವಳ ಮುಖವನ್ನು ಕಂಡು ನಗುತ್ತದೆ. ಏನನ್ನು ಉಳಿಸಿಕೊಳ್ಳುವುದೋ ನಾವು ಕಾಣೆವು. ಭಾರದ್ವಾಜರ ಪ್ರವರವನ್ನು ಆ ಮಗು ಹೇಳುವಂತಿಲ್ಲ, ಡೇನರ ಪ್ರಾರ್ಥನೆ ಅದರ ತಂದೆಗೂ ಬಾರದು. ‘ವಾ’ ಎಂದರೆ ಕೈ ಚಾಚುವುದನ್ನು ಮಾತ್ರ ಕಲಿತಿದೆ.

ಈ ಪತ್ರಿಕೆಯನ್ನು ಓದುವ ಗೃಹಸ್ಥರಲ್ಲಿಯೂ ತಾಯಂದಿರಲ್ಲಿಯೂ ಒಂದು ವಿಜ್ಞಾಪನೆ. ನಿಮ್ಮ ಮನೆಯ ಹಿರಿಯರು ಎಲ್ಲಿಂದ ಬಂದರೆಂಬುದನ್ನು ಬಲ್ಲವರು ನಿಮ್ಮಲ್ಲಿ ಯಾರಾದರೂ ಇದ್ದರೆ, ಅವರು ಪ್ರಾಯಶಃ ಅಡಿಗೆಮನೆಯ ಬಾಗಿಲಲ್ಲಿ ಸೊಪ್ಪು ಬಿಡಿಸುತ್ತ ಕುಳಿತಿರುವ ಮುದುಕಿಯಾಗಿರುತ್ತಾರೆ. ಅವರನ್ನು ಇಂದೇ ಕೇಳಿರಿ. ಅವರು ಯಾವ ಮಾತಿನಲ್ಲಿ ಹೇಳುತ್ತಾರೋ ಅದೇ ಮಾತಿನಲ್ಲಿ ಬರೆದುಕೊಳ್ಳಿರಿ, ತಿದ್ದಬೇಡಿರಿ. ಎರಡು ಪ್ರತಿ ಬರೆದು ಒಂದನ್ನು ನೆಂಟರ ಮನೆಯಲ್ಲಿಡಿರಿ. ಅಷ್ಟನ್ನು ನಾವು ಡೇನರಿಂದ ಕಲಿಯಬಹುದು.